ಜಮೀನಿನ ಕಾಗದಗಳಲ್ಲಿ ಒಂದು ಮನೆತನ

ಅರಸರ ವಂಶಾವಳಿ ಹೇಳಲು ಶಾಸನಗಳಿವೆ, ತಾಮ್ರಪಟಗಳಿವೆ, ಆಸ್ಥಾನದ ಕವಿಗಳಿದ್ದರು. ಉತ್ತು ಬಿತ್ತಿ ಬದುಕಿದವರ ವಂಶಾವಳಿ ಹೇಳುವವರು ಯಾರು? ನಮ್ಮ ಹಳ್ಳಿಗಳಿಗೆ ಹೆಳವರು ಎತ್ತಿನ ಮೇಲೆ ಕೂತು ಬಂದು, ಅಂಗಳದಲ್ಲಿ ನಿಂತು, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಮನೆತನದ ಹೆಸರುಗಳನ್ನು ಒಪ್ಪಿಸಿ, ಕಾಳುಕಡಿ ಪಡೆದು ಹೋಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ರೈತನಿಗೆ ಅಂಥವರು ಯಾರೂ ಇರಲಿಲ್ಲ. ಅವನು ಒಂದೂರಿನಲ್ಲಿ ನೆಲೆ ನಿಂತವನೂ ಅಲ್ಲ. ಹುಟ್ಟಿದ್ದು ಒಂದು ರಾಜ್ಯದಲ್ಲಿ, ಮದುವೆಯಾದದ್ದು ಮತ್ತೊಂದರಲ್ಲಿ, ಮಕ್ಕಳು ಮೂರು ನಾಲ್ಕು ರಾಜ್ಯಗಳಲ್ಲಿ, ಕೊನೆಗೆ ಮಣ್ಣಾದದ್ದು ಇನ್ನೆಲ್ಲೋ. ಅಪ್ಪನ ಗೋರಿ ಇರುವ ಊರನ್ನು ಮಗ ಮತ್ತೆ ನೋಡದ ಸಂಸಾರಗಳು ಅಲ್ಲಿ ಲೆಕ್ಕವಿಲ್ಲದಷ್ಟು.

ಹಾಗಿದ್ದರೂ ಅಂಥ ಎಷ್ಟೋ ಮನೆತನಗಳ ಬೇರನ್ನು ಇವತ್ತು ಹತ್ತು ತಲೆಮಾರು ಹಿಂದಕ್ಕೆ ಹಿಡಿದುಕೊಂಡು ಹೋಗಬಹುದು. ಹೇಗೆ ಹೋಗಬಹುದು, ಹೋದರೆ ಏನೇನು ಸಿಗುತ್ತದೆ ಎಂಬುದನ್ನು ಒಂದೇ ಒಂದು ಕುಟುಂಬವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಅದು ಇಂಗಲ್ಸ್ ಕುಟುಂಬ. ಲಾರಾ ಇಂಗಲ್ಸ್ ವೈಲ್ಡರ್ ತನ್ನ ಬಾಲ್ಯವನ್ನು ಆಧರಿಸಿ 1932ರಿಂದ ಬರೆಯುತ್ತ ಹೋದ ಮಕ್ಕಳ ಕಾದಂಬರಿಗಳು ಕನ್ನಡಕ್ಕೂ ಬಂದಿವೆ. ನಿಮ್ಮಲ್ಲಿ ಹಲವರು ಓದಿರಬಹುದು. ಕಾಡಿನ ನಡುವಿನ ಮರದ ಮನೆ, ಪಿಟೀಲು ಬಾರಿಸುವ ಅಪ್ಪ, ಶಾಂತ ಸ್ವಭಾವದ ಅಮ್ಮ, ಅಕ್ಕ ಮೇರಿ, ಬಟ್ಟೆ ಹೊದಿಸಿದ ಗಾಡಿ. ಆ ಅಪ್ಪನ ನಿಜ ಹೆಸರೂ ಕಾದಂಬರಿಯಲ್ಲಿರುವುದೇ: ಚಾರ್ಲ್ಸ್ ಇಂಗಲ್ಸ್. ಕಾದಂಬರಿ ಒಂದು ಕಡೆ, ಸರ್ಕಾರಿ ಕಾಗದಗಳು ಇನ್ನೊಂದು ಕಡೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಸಿಗುವ ರೈತ ಕುಟುಂಬ ಇದರಷ್ಟು ಚೆನ್ನಾಗಿ ಮತ್ತೊಂದಿಲ್ಲ.

ವಂಶಾವಳಿ ಹುಡುಕಲು ಹೊರಟವರು ಮೊದಲು ಹೆಸರಿನ ಬೆನ್ನು ಹತ್ತುತ್ತಾರೆ. ರೈತರ ವಿಷಯದಲ್ಲಿ ಜಮೀನಿನ ಬೆನ್ನು ಹತ್ತಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೆಸರು ಗುಮಾಸ್ತನ ಕಿವಿಗೆ ಬಿದ್ದಂತೆ ಬದಲಾಗುತ್ತದೆ, ಜಮೀನಿನ ಚೆಕ್ಕುಬಂದಿ ಬದಲಾಗುವುದಿಲ್ಲ. ಕ್ರಯಪತ್ರದಲ್ಲಿ ಗಂಡನ ಜೊತೆ ಹೆಂಡತಿಯ ಹೆಸರೂ ಇರುತ್ತದೆ, ಯಾವ ಊರಿನವರು ಎಂಬುದಿರುತ್ತದೆ, ಪಕ್ಕದ ಜಮೀನು ಯಾರದು ಎಂದು ನೋಡಿದರೆ ಅದು ಅಣ್ಣನದೋ ಭಾವಮೈದುನನದೋ ಆಗಿರುತ್ತದೆ. ಹೆಣ್ಣು ಕೊಟ್ಟು ತಂದವರೆಲ್ಲ ಒಬ್ಬರ ಪಕ್ಕ ಒಬ್ಬರು ಜಮೀನು ಕೊಳ್ಳುತ್ತಿದ್ದ ಕಾಲ ಅದು.

ಆದರೂ ಜನಗಣತಿಯ ಮಾತು ಮೊದಲು ಹೇಳಬೇಕು, ಏಕೆಂದರೆ ಎಲ್ಲರೂ ಅಲ್ಲಿಂದಲೇ ಶುರುಮಾಡುವುದು. ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದಿದೆ. ಮೊದಲ ಆರು ಗಣತಿಗಳಲ್ಲಿ ಮನೆಯ ಯಜಮಾನನ ಹೆಸರೊಂದೇ ಇದೆ. ಹೆಂಡತಿ, ಮಕ್ಕಳು, ಮುದುಕಿ ತಾಯಿ ಎಲ್ಲರೂ ವಯಸ್ಸಿನ ಕಾಲಂಗಳಲ್ಲಿ ಬರೀ ಅಂಕಿಗಳು. 1850ರಲ್ಲಿ ಮೊದಲ ಬಾರಿಗೆ ಸ್ವತಂತ್ರರಾದ ಪ್ರತಿಯೊಬ್ಬರ ಹೆಸರನ್ನೂ ಬರೆದರು. ಯಜಮಾನನಿಗೆ ಅವರು ಏನಾಗಬೇಕು ಎಂದು ಕೇಳಿದ್ದು 1880ರಲ್ಲಿ. 1850ರಿಂದ 1880ರ ತನಕ ಬೇಸಾಯಕ್ಕೇ ಒಂದು ಪ್ರತ್ಯೇಕ ಪಟ್ಟಿಯನ್ನೂ ಬರೆಯುತ್ತಿದ್ದರು. ಉತ್ತ ಜಮೀನು ಎಷ್ಟು, ಕುದುರೆ ಎಷ್ಟು, ಕರೆಯುವ ಹಸು ಎಷ್ಟು, ವರ್ಷಕ್ಕೆ ಎಷ್ಟು ಪೌಂಡು ಬೆಣ್ಣೆ ಕಡೆದರು, ಎಲ್ಲವೂ ಅದರಲ್ಲಿದೆ. ಆ ಬೆಣ್ಣೆಯ ಕಾಲಂ ನನಗೆ ಬಹಳ ಇಷ್ಟ. ಮನೆಯ ಹೆಂಗಸಿನ ಹೆಸರಿಲ್ಲದಿದ್ದರೂ ಅವಳ ದುಡಿಮೆ ಆ ಹಾಳೆಯಲ್ಲಿದೆ. 1890ರ ಗಣತಿಯ ಹಾಳೆಗಳು ಮಾತ್ರ ಹೋದವು. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಬೆಂಕಿ ತಿಂದದ್ದು ಒಂದಿಷ್ಟು, ಆರಿಸಲು ಹೊಯ್ದ ನೀರು ಹಾಳು ಮಾಡಿದ್ದು ಇನ್ನೊಂದಿಷ್ಟು, ಉಳಿದದ್ದನ್ನು ಮುಂದೆ ಸರ್ಕಾರವೇ ವಿಲೇವಾರಿ ಮಾಡಿತು. ರೈತರು ದೊಡ್ಡ ಸಂಖ್ಯೆಯಲ್ಲಿ ಗುಳೆ ಹೋದ ದಶಕದ ಲೆಕ್ಕವೇ ಹೀಗೆ ಇಲ್ಲವಾಯಿತು.

ಹೆಸರಿನ ತೊಡಕಿಗೆ ಅಮೆರಿಕನ್ನರು ಒಂದು ಉಪಾಯ ಕಂಡುಕೊಂಡರು. ಸೌಂಡೆಕ್ಸ್ ಎಂದು ಅದಕ್ಕೆ ಹೆಸರು, 1918ರಲ್ಲಿ ಪೇಟೆಂಟ್ ಆದದ್ದು. ಹೆಸರಿನ ಮೊದಲ ಅಕ್ಷರವನ್ನು ಹಾಗೇ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಒಂದೊಂದು ಅಂಕಿ ಕೊಡುವುದು. ಉಚ್ಚಾರದಲ್ಲಿ ಹತ್ತಿರವಿರುವ ವ್ಯಂಜನಗಳಿಗೆ ಒಂದೇ ಅಂಕಿ. ಇಂಗಲ್ಸ್ ಎಂದು ಬರೆದಿರಲಿ, ಇಂಗ್ಲೆಸ್ ಎಂದು ಬರೆದಿರಲಿ, ಎರಡೂ ಐ-524 ಎಂಬ ಒಂದೇ ಗೂಡಿಗೆ ಬೀಳುತ್ತವೆ. 1935ರಲ್ಲಿ ವೃದ್ಧಾಪ್ಯ ವೇತನದ ಕಾಯಿದೆ ಬಂದಾಗ ಲಕ್ಷಾಂತರ ಜನರಿಗೆ ವಯಸ್ಸಿನ ಪುರಾವೆ ಬೇಕಾಯಿತು, ಅವರಲ್ಲಿ ಬಹಳ ಮಂದಿಗೆ ಜನನ ಪತ್ರವೇ ಇರಲಿಲ್ಲ. ಆಗ ಕೆಲಸವಿಲ್ಲದೆ ಕೂತಿದ್ದವರಿಗೆ ಸರ್ಕಾರ ಕೂಲಿ ಕೊಟ್ಟು 1880ರ ಗಣತಿಗೆ ಈ ಸೌಂಡೆಕ್ಸ್ ಸೂಚಿ ಮಾಡಿಸಿತು. ಹತ್ತು ವರ್ಷದೊಳಗಿನ ಮಗು ಇದ್ದ ಮನೆಗಳನ್ನಷ್ಟೇ ಅದರಲ್ಲಿ ಸೇರಿಸಿದರು. ಇಂಗಲ್ಸ್ ಮನೆಯಲ್ಲಿ ಆಗ ಲಾರಾಗೆ ಹದಿಮೂರು ದಾಟಿತ್ತು, ಮೇರಿಗೆ ಹದಿನೈದು. ಆದರೆ ತಂಗಿಯರಲ್ಲಿ ಕ್ಯಾರಿಗೆ ಒಂಬತ್ತು, ಗ್ರೇಸ್‌ಗೆ ಮೂರು. ಅಂಥ ಸೂಚಿಯಲ್ಲಿ ಒಂದು ಸಂಸಾರ ಸಿಗುವುದು ಬಿಡುವುದು ಕಿರಿಯ ಮಕ್ಕಳ ವಯಸ್ಸಿನ ಮೇಲೆ ನಿಂತಿರುತ್ತದೆ.

ಈಗ ಮನೆತನದ ಹಿಂದಿನ ತಲೆಮಾರುಗಳನ್ನು ಬೇಗ ಮುಗಿಸುತ್ತೇನೆ. ಮೂಲಪುರುಷ ಎಡ್ಮಂಡ್ ಇಂಗಲ್ಸ್, ಇಂಗ್ಲೆಂಡಿನ ಲಿಂಕನ್‌ಷೈರಿನವನು. 1629ರಲ್ಲಿ ಮ್ಯಾಸಚೂಸೆಟ್ಸಿನ ಲಿನ್ ಊರನ್ನು ನೆಲೆಗೊಳಿಸಿದವರಲ್ಲಿ ಒಬ್ಬ. 1648ರಲ್ಲಿ ಕುದುರೆಯ ಮೇಲೆ ನದಿ ದಾಟುವಾಗ ಸೇತುವೆ ಕುಸಿದು ಸತ್ತ. ಸೇತುವೆ ಕೆಟ್ಟಿದ್ದರಿಂದ ಸಾವಾಯಿತೆಂದು ಮನೆಯವರು ಪರಿಹಾರ ಕೇಳಿ ಅರ್ಜಿ ಹಾಕಿದ್ದರಿಂದಲೇ ನಮಗೆ ಆ ಸಾವಿನ ಸುದ್ದಿ ಉಳಿದಿದೆ. ಅವನ ಮೊಮ್ಮಗಳು, ಅಂದರೆ ಮಗಳ ಮಗಳು, ಮಾರ್ಥಾ ಕ್ಯಾರಿಯರ್. ಸೇಲಂನ ಮಾಟಗಾತಿಯರ ವಿಚಾರಣೆಯಲ್ಲಿ 1692ರ ಆಗಸ್ಟಿನಲ್ಲಿ ಅವಳನ್ನು ಗಲ್ಲಿಗೇರಿಸಿದರು. ಅಲ್ಲಿಂದ ಕೆಲವು ತಲೆಮಾರು ಕೆಳಗೆ ಬಂದರೆ 1770ರಲ್ಲಿ ಹುಟ್ಟಿದ ಸ್ಯಾಮ್ಯುಯಲ್ ಇಂಗಲ್ಸ್ ಸಿಗುತ್ತಾನೆ. ಬೇಟೆಗಾರ, ಪದ್ಯ ಕಟ್ಟುತ್ತಿದ್ದವ. ಅವನ ಹೆಂಡತಿ ಮಾರ್ಗರೆಟ್ ಡೆಲನೋ. ಆ ಹೆಸರು ನಿಮಗೆ ಪರಿಚಿತ ಅನ್ನಿಸಿರಬೇಕು. ಅಧ್ಯಕ್ಷ ಫ್ರಾಂಕ್ಲಿನ್ ಡೆಲನೋ ರೂಸ್ವೆಲ್ಟ್ ಅವರ ತಾಯಿಯ ತವರು ಹೆಸರೂ ಅದೇ, ಇಬ್ಬರ ಬೇರೂ 1621ರಲ್ಲಿ ಪ್ಲಿಮತ್‌ಗೆ ಬಂದಿಳಿದ ಒಬ್ಬನೇ ವಲಸಿಗನಲ್ಲಿ ಕೂಡುತ್ತದೆ. ಈ ಶಾಖೆಗಳನ್ನೆಲ್ಲ ಕೂಡಿಸಿ ಇಂಗಲ್ಸ್ ಮನೆತನದ ಗ್ರಂಥವೊಂದು 1903ರಲ್ಲೇ ಅಚ್ಚಾಯಿತು. ಬಾಸ್ಟನ್ನಿನಲ್ಲಿ ವಂಶಾವಳಿಗೆಂದೇ ಮೀಸಲಾದ ಸಂಘ 1845ರಷ್ಟು ಹಿಂದೆಯೇ ಹುಟ್ಟಿತ್ತು. ಹಳೆಯ ಮನೆತನದವರೆಂಬ ಹೆಮ್ಮೆ ನ್ಯೂ ಇಂಗ್ಲೆಂಡಿನಲ್ಲಿ ಬಲವಾಗಿತ್ತು. ರೂಸ್ವೆಲ್ಟರ ದೂರದ ನೆಂಟರು ಎಂದು ಹೇಳಿಕೊಳ್ಳುವುದರಲ್ಲಿ ಜನರಿಗೆ ಇವತ್ತಿಗೂ ಸಂತೋಷವಿದೆ. ನನಗೆ ಮಾತ್ರ ಚಾರ್ಲ್ಸ್‌ನ ತಲೆಮಾರಿನ ಹರಿದ ಕಾಗದಗಳ ಮೇಲೆಯೇ ಪ್ರೀತಿ ಹೆಚ್ಚು.

ಸ್ಯಾಮ್ಯುಯಲ್‌ನ ಮಗ ಲ್ಯಾನ್ಸ್‌ಫರ್ಡ್ ಹುಟ್ಟಿದ್ದು 1812ರಲ್ಲಿ, ಕೆನಡಾದಲ್ಲಿ. ಅವನ ಮಗ ಚಾರ್ಲ್ಸ್ ಹುಟ್ಟಿದ್ದು 1836ರ ಜನವರಿ 10ರಂದು, ನ್ಯೂಯಾರ್ಕ್ ರಾಜ್ಯದ ಕ್ಯೂಬಾ ಎಂಬ ಊರಿನಲ್ಲಿ. ಹುಡುಗ ಇನ್ನೂ ಸಣ್ಣವನಿರುವಾಗ ಸಂಸಾರ ಇಲಿನಾಯ್‌ಗೆ ಬಂತು, ಅಲ್ಲಿಂದ ವಿಸ್ಕಾನ್ಸಿನ್‌ನ ಕಾಂಕರ್ಡ್‌ಗೆ. ಕಾಂಕರ್ಡ್‌ನಲ್ಲಿ ಸಮೀಪದಲ್ಲೇ ಇದ್ದದ್ದು ಕ್ವೈನರ್ ಕುಟುಂಬ. ಆ ಮನೆಯ ಯಜಮಾನ 1845ರಲ್ಲಿ ಮಿಷಿಗನ್ ಸರೋವರದಲ್ಲಿ ಹಡಗು ಮುಳುಗಿ ತೀರಿಕೊಂಡಿದ್ದ. ಆರು ವರ್ಷವೂ ತುಂಬದ ಮಗಳು ಕ್ಯಾರೋಲಿನ್ ಸೇರಿದಂತೆ ಮಕ್ಕಳನ್ನೆಲ್ಲ ಕಟ್ಟಿಕೊಂಡು ತಾಯಿ ಷಾರ್ಲಟ್ ಕಷ್ಟದಲ್ಲಿ ಬದುಕಿದಳು, ಮುಂದೆ ಮರುಮದುವೆಯಾದಳು. ಹೆಂಗಸರ ಜಾಡು ಕಡಿದುಹೋಗುವುದು ಇಂಥ ಕಡೆಗಳಲ್ಲೇ. ಮದುವೆಗೊಂದು ಹೆಸರು, ಮರುಮದುವೆಗೊಂದು ಹೆಸರು. ಗೋರಿಕಲ್ಲಿನ ಮೇಲೆ ಕೊನೆಯದೊಂದೇ. ಕ್ಯಾರೋಲಿನ್ ಮತ್ತು ಚಾರ್ಲ್ಸ್ ಮದುವೆಯಾದದ್ದು 1860ರ ಫೆಬ್ರವರಿ 1ರಂದು. ಎರಡೂ ಮನೆಗಳ ನಡುವೆ ಅಂಥ ಮದುವೆಗಳು ಒಟ್ಟು ಮೂರು. ಚಾರ್ಲ್ಸ್‌ಗೆ ಕ್ಯಾರೋಲಿನ್, ಅವನ ಅಣ್ಣ ಪೀಟರ್‌ಗೆ ಕ್ಯಾರೋಲಿನ್‌ಳ ಒಡಹುಟ್ಟಿದ ಎಲೈಜಾ, ಚಾರ್ಲ್ಸ್‌ನ ತಂಗಿ ಪಾಲಿಗೆ ಕ್ಯಾರೋಲಿನ್‌ಳ ಅಣ್ಣ ಹೆನ್ರಿ. ಹೆಣ್ಣು ಕೊಟ್ಟು ಹೆಣ್ಣು ತರುವುದೆಂದರೇನೆಂದು ಕನ್ನಡದ ಕೇಳುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1863ರಲ್ಲಿ ಚಾರ್ಲ್ಸ್ ಮತ್ತು ಹೆನ್ರಿ, ಭಾವಮೈದುನರಿಬ್ಬರೂ ಸೇರಿ, ವಿಸ್ಕಾನ್ಸಿನ್‌ನ ಪೆಪಿನ್ ಬಳಿ 160 ಎಕರೆ ಕಾಡು ಜಮೀನು ಕೊಂಡರು. ಮೇರಿ 1865ರಲ್ಲಿ, ಲಾರಾ 1867ರ ಫೆಬ್ರವರಿ 7ರಂದು ಹುಟ್ಟಿದ್ದು ಅಲ್ಲಿ. ಕಾದಂಬರಿಗಳನ್ನು ಓದಿದವರಿಗೆ ಅಲ್ಲಿಂದ ಗಾಡಿ ನೇರವಾಗಿ ಕಾನ್ಸಸ್‌ನ ಹುಲ್ಲುಗಾವಲಿಗೆ ಹೋದದ್ದು ಗೊತ್ತು. ಕಾಗದಗಳು ಬೇರೆ ಹೇಳುತ್ತವೆ. ನಡುವೆ ಮಿಸೌರಿ ರಾಜ್ಯದ ಚಾರಿಟನ್ ಕೌಂಟಿಯಲ್ಲಿ ಅವರು ಜಮೀನು ಕೊಂಡ ದಾಖಲೆ ನೋಂದಣಿ ಪುಸ್ತಕದಲ್ಲಿದೆ. ಕಾದಂಬರಿಯಲ್ಲಿ ಆ ಊರಿನ ಸುಳಿವೇ ಇಲ್ಲ. ಒಂದು ಸಂಸಾರ ಒಂದು ಊರಲ್ಲಿ ಬಾಳಿತ್ತು ಎಂಬುದಕ್ಕೆ ಎಷ್ಟೋ ಸಲ ಇಂಥ ಕ್ರಯಪತ್ರವೊಂದೇ ಸಾಕ್ಷಿ.

ಇನ್ನು ಕಾನ್ಸಸ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಕಾದಂಬರಿಯಲ್ಲಿ ಪುಟ್ಟ ಕ್ಯಾರಿ ವಿಸ್ಕಾನ್ಸಿನ್‌ನಿಂದ ಹೊರಡುವಾಗಲೇ ಅಮ್ಮನ ಮಡಿಲಲ್ಲಿದ್ದಾಳೆ. ಮನೆಯ ಬೈಬಲ್ಲಿನಲ್ಲಿ ಬರೆದಿಟ್ಟದ್ದು ಬೇರೆ: ಕ್ಯಾರಿ ಹುಟ್ಟಿದ್ದು 1870ರ ಆಗಸ್ಟ್ 3ರಂದು, ಕಾನ್ಸಸ್‌ನ ಮಾಂಟ್ಗೊಮರಿ ಕೌಂಟಿಯಲ್ಲಿ. ಬೈಬಲ್ಲಿನ ನಡುವೆ ಹುಟ್ಟು, ಮದುವೆ, ಸಾವು ಬರೆಯಲೆಂದೇ ಖಾಲಿ ಹಾಳೆಗಳಿರುತ್ತಿದ್ದವು. ಜನನ ನೋಂದಣಿಯ ಕಚೇರಿಯೇ ಇಲ್ಲದ ಕಡೆ ಅದೇ ರೈತರ ದಫ್ತರ. ಅಂಥ ಹಾಳೆಗಳನ್ನು ಬೈಬಲ್ಲಿನಿಂದ ಹರಿದು ಪಿಂಚಣಿಯ ಅರ್ಜಿಯ ಜೊತೆ ಸರ್ಕಾರಕ್ಕೆ ಕಳಿಸಿದ ವಿಧವೆಯರೂ ಇದ್ದಾರೆ.

ಕಾದಂಬರಿಯಲ್ಲಿ ಆ ಮನೆ ಇಂಡಿಪೆಂಡೆನ್ಸ್ ಪಟ್ಟಣದಿಂದ ನಲವತ್ತು ಮೈಲಿ. ಲಾರಾ ಅಲ್ಲಿದ್ದಾಗ ಮೂರು ನಾಲ್ಕು ವರ್ಷದ ಮಗು, ಬರೆದದ್ದು ಅರವತ್ತು ದಾಟಿದ ಮೇಲೆ. ಬರೆಯುವ ಹೊತ್ತಿಗೆ ಲಾರಾ ಮತ್ತು ಅವಳ ಮಗಳು ರೋಸ್ ಕಾರಿನಲ್ಲಿ ಹೊರಟು ಆ ಜಾಗವನ್ನು ಹುಡುಕಿದ್ದರು. ನಲವತ್ತು ಮೈಲಿಯ ಲೆಕ್ಕ ಹಿಡಿದದ್ದರಿಂದ ಪಕ್ಕದ ರಾಜ್ಯವಾದ ಓಕ್ಲಹೋಮಾಕ್ಕೆ ಹೋಗಿ, ಸಿಗದೆ ಹಿಂತಿರುಗಿದರು. ಲಾರಾ ತೀರಿಕೊಂಡ ಮೇಲೆ ಆ ಜಾಗವನ್ನು ಪತ್ತೆ ಮಾಡಿದ್ದು ಕಾನ್ಸಸ್‌ನ ಸ್ಥಳೀಯ ಸಂಶೋಧಕರು. ದಾರಿ ತೋರಿಸಿದ್ದು 1870ರ ಗಣತಿಯ ಹಾಳೆ. ರಟ್ಲೆಂಡ್ ಟೌನ್‌ಶಿಪ್‌ನಲ್ಲಿ ಗಣತಿದಾರ ಒಂದು ಮನೆಯಿಂದ ಪಕ್ಕದ ಮನೆಗೆ ನಡೆದು ಹೋಗುತ್ತ ಹೆಸರು ಬರೆದುಕೊಂಡಿದ್ದ. ಅಕ್ಕಪಕ್ಕದವರು ಮುಂದೆ ಯಾವ ಯಾವ ಜಮೀನಿಗೆ ಹಕ್ಕುಪತ್ರ ಮಾಡಿಸಿಕೊಂಡರು ಎಂಬುದು ಕೌಂಟಿಯ ದಾಖಲೆಯಲ್ಲಿತ್ತು. ಎರಡನ್ನೂ ತಾಳೆ ನೋಡಿದರೆ ಇಂಗಲ್ಸರ ಗುಡಿಸಲು ನಿಂತಿದ್ದ ಜಾಗ ಪಟ್ಟಣದಿಂದ ಹದಿಮೂರು ಮೈಲಿಯ ಆಸುಪಾಸಿನಲ್ಲಿ ಬರುತ್ತದೆ. ಅಲ್ಲಿ ಕೈಯಿಂದ ತೋಡಿದ ಹಳೆಯ ಬಾವಿಯೊಂದೂ ಸಿಕ್ಕಿತು.

ಅದೇ ಗಣತಿಯಲ್ಲಿ ಇನ್ನೊಬ್ಬನಿದ್ದಾನೆ. ಮನೆಮಂದಿಯೆಲ್ಲ ಮಲೇರಿಯಾದಿಂದ ಮಲಗಿದಾಗ ಬಂದು ಮದ್ದು ಕೊಟ್ಟ ಕಪ್ಪು ಜನಾಂಗದ ವೈದ್ಯನೊಬ್ಬನನ್ನು ಲಾರಾ ಕಾದಂಬರಿಯಲ್ಲಿ ನೆನೆದಿದ್ದಾಳೆ. ಅವನು ಕಲ್ಪನೆಯ ಮನುಷ್ಯನಿರಬಹುದು ಎಂದುಕೊಂಡರೆ, ಗಣತಿಯಲ್ಲಿ ಜಾರ್ಜ್ ಟ್ಯಾನ್ ಎಂಬ ವೈದ್ಯ ಅದೇ ನೆರೆಹೊರೆಯಲ್ಲಿದ್ದಾನೆ. ಅವನ ಗೋರಿ ಇಂಡಿಪೆಂಡೆನ್ಸ್ ಪಟ್ಟಣದ ಸ್ಮಶಾನದಲ್ಲಿ ಇವತ್ತಿಗೂ ಇದೆ. ಟ್ಯಾನ್ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದವನು. ದಕ್ಷಿಣದ ರಾಜ್ಯಗಳ ಗುಲಾಮಗಿರಿಯಿಂದ ಬಿಡುಗಡೆಯಾದವರ ಮೊಮ್ಮಕ್ಕಳು ತಮ್ಮ ಹಿರಿಯರನ್ನು ಹುಡುಕಿದರೆ 1870ರ ಗಣತಿಗೆ ಬಂದು ದಾರಿ ನಿಂತುಬಿಡುತ್ತದೆ. ಅದಕ್ಕೂ ಹಿಂದೆ 1850 ಮತ್ತು 1860ರಲ್ಲಿ ಗುಲಾಮರಿಗೆಂದೇ ಬೇರೆ ಪಟ್ಟಿ ಮಾಡಿದ್ದರು. ಅದರಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಇಷ್ಟೇ. ಹತ್ತಿ ಬೆಳೆದು, ಕೊಯ್ದು, ಆ ದೇಶವನ್ನು ಶ್ರೀಮಂತ ಮಾಡಿದವರೂ ಬೇಸಾಯದವರೇ ತಾನೇ? ಅಮೆರಿಕದ ರೈತರ ವಂಶಾವಳಿ ಎಂದಾಗ ಅವರನ್ನು ಬಿಟ್ಟು ಮಾತಾಡುವುದು ನನ್ನಿಂದಾಗದು.

ಗಣತಿಯ ಆ ಹಾಳೆಯಲ್ಲಿ ಜಮೀನಿನ ಬೆಲೆ ಬರೆಯುವ ಒಂದು ಕಾಲಂ ಇದೆ. ರಟ್ಲೆಂಡ್‌ನ ಮನೆಗಳ ಎದುರಿಗೆ ಅದು ಖಾಲಿ. ಏಕೆ ಖಾಲಿ ಎಂದು ಗಣತಿದಾರನೇ ಬರೆದಿಟ್ಟಿದ್ದಾನೆ: ಜಮೀನು ಓಸೇಜ್ ಇಂಡಿಯನ್ನರಿಗೆ, ಅಂದರೆ ಅಲ್ಲಿಯ ಮೂಲನಿವಾಸಿಗಳಿಗೆ, ಸೇರಿದ್ದು, ಇಲ್ಲಿ ಕೂತವರಿಗೆ ಅದರ ಮೇಲೆ ಹಕ್ಕಿಲ್ಲ ಎಂದು. ನಮ್ಮ ಕಂದಾಯದವರ ಮಾತಿನಲ್ಲಿ ಇಂಗಲ್ಸರದು ಬಗರ್‌ಹುಕುಂ ಸಾಗುವಳಿ, ಅದೂ ಸರ್ಕಾರದ ಬಂಜರಿನ ಮೇಲಲ್ಲ, ಇನ್ನೊಂದು ಜನರ ಊರಿನ ಮೇಲೆ. ಕಾದಂಬರಿಯಲ್ಲಿ, ಸೈನಿಕರು ಬಂದು ಎಬ್ಬಿಸುತ್ತಾರೆಂದು ಅಪ್ಪ ಸಿಟ್ಟಿನಿಂದ ಗಾಡಿ ಕಟ್ಟುತ್ತಾನೆ. ನಡೆದದ್ದು ತಿರುಗುಮುರುಗು. 1870ರ ಜುಲೈ 15ರ ಕಾಯಿದೆಯಂತೆ ಜಾಗ ಬಿಟ್ಟು ಹೋದವರು ಓಸೇಜರು. ಅವರು ದಕ್ಷಿಣಕ್ಕೆ, ಇಂದಿನ ಓಕ್ಲಹೋಮಾಕ್ಕೆ ಹೋದರು, ಜಮೀನು ಎಕರೆಗೆ ಒಂದೂಕಾಲು ಡಾಲರಿನಂತೆ ಬಂದು ಕೂತವರಿಗೆ ಸಿಕ್ಕಿತು. ಇಂಗಲ್ಸರೂ ಇದ್ದಿದ್ದರೆ ಕೊಳ್ಳಬಹುದಿತ್ತು. ಆದರೆ ಪೆಪಿನ್‌ನ ಜಮೀನು ಕೊಂಡವನು ಬಾಕಿ ಹಣ ಕಟ್ಟಲಾರದೆ ಹೋದದ್ದರಿಂದ ಅವರು 1871ರಲ್ಲಿ ವಿಸ್ಕಾನ್ಸಿನ್‌ಗೆ ಮರಳಿದರು.

ಓಸೇಜರಿಗೂ ವಂಶಾವಳಿ ಇದೆ. ಅದು ಕಾನ್ಸಸ್‌ನ ಓಸೇಜ್ ಮಿಷನ್ನಿನ ಪಾದ್ರಿಗಳ ದೀಕ್ಷಾಸ್ನಾನದ ಪುಸ್ತಕಗಳಲ್ಲಿ, ಸರ್ಕಾರ ಹಣ ಹಂಚುವಾಗ ಬರೆದ ಪಟ್ಟಿಗಳಲ್ಲಿ, 1906ರ ಕಾಯಿದೆಯಂತೆ ಸಿದ್ಧವಾದ 2,229 ಹೆಸರುಗಳ ಪಟ್ಟಿಯಲ್ಲಿ ಇದೆ. ಕಾನ್ಸಸ್‌ನ ಯಾವುದೇ ರೈತ ಕುಟುಂಬದ ಜಮೀನಿನ ಕಾಗದವನ್ನು ಹಿಂದಕ್ಕೆ ಓದುತ್ತ ಹೋದರೆ ಕೊನೆಗೆ ಇಂಥ ಒಂದು ಪಟ್ಟಿಯ ಬಾಗಿಲಿಗೇ ಬಂದು ನಿಲ್ಲುತ್ತೇವೆ. ಅಲ್ಲಿಗೆ ಹೋಗದೆ ನಡುವೆಯೇ ನಿಲ್ಲಿಸಿದ ವಂಶಾವಳಿ ಅರ್ಧ ವಂಶಾವಳಿ ಎಂದೇ ನಾನು ತಿಳಿಯುತ್ತೇನೆ.

1874ರಲ್ಲಿ ಇಂಗಲ್ಸರು ಮತ್ತೆ ಹೊರಟರು. ಈ ಸಲ ಮಿನ್ನೆಸೋಟದ ವಾಲ್ನಟ್ ಗ್ರೋವ್, ಪ್ಲಮ್ ಹಳ್ಳದ ದಂಡೆ. ರಾಕಿ ಬೆಟ್ಟಗಳ ಕಡೆಯಿಂದ ಮಿಡತೆಯ ದಂಡು ಆ ಸೀಮೆಯ ಮೇಲೆ 1873ರಿಂದ 1877ರ ತನಕ ವರ್ಷ ವರ್ಷವೂ ಬಿತ್ತು. ಗೋಧಿಯ ಪೈರು ಇರಲಿ, ಒಣಗಹಾಕಿದ ಬಟ್ಟೆ, ನೇಗಿಲಿನ ಹಿಡಿ ಕೂಡ ಉಳಿಯುತ್ತಿರಲಿಲ್ಲ. ಕಾದಂಬರಿಯಲ್ಲಿ ಅಪ್ಪ ಹರಿದ ಬೂಟಿನಲ್ಲೇ ನೂರಾರು ಮೈಲಿ ನಡೆದು ಕೂಲಿಗೆ ಹೋಗುತ್ತಾನೆ, ಯಾರೆದುರೂ ಕೈ ಒಡ್ಡುವುದಿಲ್ಲ. ಕಚೇರಿಯ ಕಾಗದದಲ್ಲಿ ಮಾತ್ರ 1875ರ ಕೊನೆಯಲ್ಲಿ ಚಾರ್ಲ್ಸ್ ಇಂಗಲ್ಸ್ ತನ್ನ ಬಳಿ ಜೀವನಕ್ಕೆ ಏನೂ ಇಲ್ಲವೆಂದು ರುಜು ಹಾಕಿ, ಎರಡು ಅರ್ಧ ಪೀಪಾಯಿ ಹಿಟ್ಟು ಪಡೆದದ್ದಿದೆ. ಹಿಟ್ಟಿನ ಬೆಲೆ 5 ಡಾಲರ್ 25 ಸೆಂಟ್. ರಾಜ್ಯ ಸರ್ಕಾರದ ನೆರವು ಬೇಕೆಂದರೆ ಹಾಗೆ ಬರೆದುಕೊಡಬೇಕಿತ್ತು. ಆ ನವೆಂಬರಿನಲ್ಲೇ ಮನೆಯಲ್ಲಿ ಗಂಡುಮಗು ಹುಟ್ಟಿತ್ತು. ಬಾಣಂತಿ ಹೆಂಡತಿ, ಮೂರು ಹೆಣ್ಣುಮಕ್ಕಳು, ಹಸುಗೂಸು. ಆ ರುಜುವನ್ನು ಅವನು ಎಷ್ಟು ಹೊತ್ತು ಯೋಚಿಸಿ ಹಾಕಿದನೋ! ಮಗಳು ಅದನ್ನು ಬರೆಯದೆ ಬಿಟ್ಟದ್ದನ್ನು ನಾನು ಸುಳ್ಳು ಎನ್ನಲಾರೆ. ಅವಳಿಗೆ ಅದು ಗೊತ್ತಿತ್ತೋ ಇಲ್ಲವೋ, ಗೊತ್ತಿದ್ದರೂ ಅಪ್ಪನ ಮಾನ ಅವಳಿಗೆ ದೊಡ್ಡದು.

ಆ ಗಂಡುಮಗು ಚಾರ್ಲ್ಸ್ ಫ್ರೆಡ್ರಿಕ್, ಮನೆಯವರ ಬಾಯಲ್ಲಿ ಫ್ರೆಡ್ಡಿ. ಒಂಬತ್ತು ತಿಂಗಳು ಮಾತ್ರ ಬದುಕಿತು. ಹಿಂದಿನ ಜಮೀನು ಮಾರಿ ಸಂಸಾರ ಅಯೋವಾದ ಬರ್ ಓಕ್ ಕಡೆಗೆ ಹೋಗುತ್ತ ದಾರಿಯಲ್ಲಿ, ಮಿನ್ನೆಸೋಟದ ಸೌತ್ ಟ್ರಾಯ್ ಬಳಿ ಪೀಟರ್‌ನ ತೋಟದಲ್ಲಿ ತಂಗಿದ್ದಾಗ, 1876ರ ಆಗಸ್ಟ್ 27ರಂದು ತೀರಿಕೊಂಡಿತು. ಬರ್ ಓಕ್‌ನಲ್ಲಿ ಅವರು ಹೋಟೆಲೊಂದರಲ್ಲಿ ದುಡಿದರು, 1877ರಲ್ಲಿ ಕೊನೆಯ ಮಗಳು ಗ್ರೇಸ್ ಅಲ್ಲಿಯೇ ಹುಟ್ಟಿದಳು. ಕಾದಂಬರಿಮಾಲೆಯಲ್ಲಿ ಬರ್ ಓಕ್ ಇಲ್ಲ, ಫ್ರೆಡ್ಡಿಯೂ ಇಲ್ಲ. ಲಾರಾ ಮೊದಲು ಬರೆದ, 2014ರ ತನಕ ಅಚ್ಚಾಗದೆ ಉಳಿದಿದ್ದ ಆತ್ಮಕಥೆಯ ಹಸ್ತಪ್ರತಿಯಲ್ಲಿ ಆ ತಮ್ಮ ಇದ್ದಾನೆ. ಎರಡು ಗಣತಿಗಳ ನಡುವೆ ಹುಟ್ಟಿ, ಎರಡರ ನಡುವೆಯೇ ಹೋದ ಮಗು ಅದು. 1870ರ ಹಾಳೆಯಲ್ಲಿ ಅವನಿಲ್ಲ, 1880ರದ್ದರಲ್ಲೂ ಇಲ್ಲ. ಆ ಕಾಲದ ರೈತ ಕುಟುಂಬಗಳಲ್ಲಿ ಹೀಗೆ ಹತ್ತು ವರ್ಷದ ಸಂದಿಯಲ್ಲಿ ಬಂದು ಹೋದ ಮಕ್ಕಳು ಎಷ್ಟೋ. ತಾಯಂದಿರು ಅವರ ಹೆಸರನ್ನು ಬೈಬಲ್ಲಿನಲ್ಲಿ ಬರೆದಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

1879ರಲ್ಲಿ ಮೇರಿಯ ಕಣ್ಣು ಹೋಯಿತು. ಕಾದಂಬರಿ ಅದಕ್ಕೆ ಸ್ಕಾರ್ಲೆಟ್ ಜ್ವರ ಕಾರಣ ಎನ್ನುತ್ತದೆ. 2013ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ತಂಡವೊಂದು ಲಾರಾಳ ಬರಹ, ಊರ ಪತ್ರಿಕೆಗಳ ಸುದ್ದಿ, ಅಂಧರ ಶಾಲೆಯ ದಾಖಲಾತಿ ಪುಸ್ತಕ ಇವನ್ನೆಲ್ಲ ಕೂಡಿಸಿ ನೋಡಿ, ಅದು ವೈರಸ್ಸಿನಿಂದ ಬಂದ ಮಿದುಳಿನ ಉರಿಯೂತವಾಗಿರಬೇಕು ಎಂದಿತು. ನೂರ ಮೂವತ್ತು ವರ್ಷಗಳ ಮೇಲೆ ಒಬ್ಬ ರೈತನ ಮಗಳ ಕಾಯಿಲೆಯನ್ನು ಹೀಗೆ ವಿಚಾರಿಸಲು ಸಾಧ್ಯವಾದದ್ದು ಶಾಲೆಯ ಗುಮಾಸ್ತ ಅಂದು ಬರೆದಿಟ್ಟ ಎರಡೇ ಪದಗಳ ಷರಾದಿಂದಲೂ ಹೌದು.

1879ರಲ್ಲೇ ಸಂಸಾರ ಡಕೋಟಾಕ್ಕೆ ಬಂತು. ಲಿಂಕನ್ ಕಾಲದ 1862ರ ಹೋಮ್‌ಸ್ಟೆಡ್ ಕಾಯಿದೆ ನಿಮಗೆ ಗೊತ್ತಿರಬಹುದು. ಹದಿನೆಂಟು ಡಾಲರ್ ಶುಲ್ಕ ಕಟ್ಟಿ, 160 ಎಕರೆಯಲ್ಲಿ ಮನೆ ಕಟ್ಟಿಕೊಂಡು, ಐದು ವರ್ಷ ಉತ್ತು ಬಾಳಿದರೆ ಜಮೀನು ನಿಮ್ಮದು. ಸುಮಾರು 16 ಲಕ್ಷ ಹಕ್ಕುಪತ್ರಗಳು ಹೀಗೆ ಹೊರಬಿದ್ದವು, ಒಟ್ಟು 27 ಕೋಟಿ ಎಕರೆ. ಚಾರ್ಲ್ಸ್ 1880ರ ಫೆಬ್ರವರಿಯಲ್ಲಿ ಡಿ ಸ್ಮೆಟ್ ಪಟ್ಟಣದ ಪಕ್ಕದ ಜಮೀನಿಗೆ ಅರ್ಜಿ ಹಾಕಿದ, 1886ರಲ್ಲಿ ಅದು ಅವನದಾಯಿತು. ಮನೆತನ ಹುಡುಕುವವರಿಗೆ ಹೋಮ್‌ಸ್ಟೆಡ್ ಕಡತ ಒಂದು ನಿಧಿ. ಕೊನೆಯ ಪುರಾವೆ ಕೊಡುವಾಗ ಅಧಿಕಾರಿ ಕೇಳುತ್ತಿದ್ದ ಪ್ರಶ್ನೆಗಳನ್ನು ನೋಡಿ: ವಯಸ್ಸೆಷ್ಟು, ಎಲ್ಲಿ ಹುಟ್ಟಿದಿರಿ, ಸಂಸಾರದಲ್ಲಿ ಎಷ್ಟು ಜನ, ಮನೆ ಎಷ್ಟು ಉದ್ದ ಎಷ್ಟು ಅಗಲ, ಎಷ್ಟು ಎಕರೆ ಉತ್ತಿದ್ದೀರಿ, ಯಾವ ಬೆಳೆ, ಜಮೀನು ಬಿಟ್ಟು ಎಷ್ಟು ದಿನ ಹೊರಗಿದ್ದಿರಿ, ಏಕೆ? ಇಬ್ಬರು ನೆರೆಯವರು ಬಂದು ಸಾಕ್ಷಿ ಹೇಳಬೇಕು. ಹೊರದೇಶದಲ್ಲಿ ಹುಟ್ಟಿದವನಾದರೆ ಪೌರತ್ವದ ಕಾಗದವನ್ನೂ ಲಗತ್ತಿಸಬೇಕು. ನಾರ್ವೆ, ಜರ್ಮನಿಯ ರೈತರ ಮಕ್ಕಳಿಗೆ ಅಜ್ಜನ ಊರಿನ ದಾರಿ ತೆರೆಯುವುದು ಅದೊಂದು ಹಾಳೆಯಿಂದ. ಆ ಕಡತಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ರಾಜ್ಯ, ಟೌನ್‌ಶಿಪ್, ರೇಂಜ್, ಸೆಕ್ಷನ್ ಎಂಬ ಸರ್ವೆ ಗುರುತುಗಳು ಗೊತ್ತಿದ್ದರೆ ಕಡತ ಕೈಗೆ ಬರುತ್ತದೆ. ಜಮೀನಿನ ಬೆನ್ನು ಹತ್ತಬೇಕು ಎಂದು ನಾನು ಹೇಳಿದ್ದು ಇದಕ್ಕೇ.

ಇಷ್ಟು ಪಾಡುಪಟ್ಟು ಮಾಡಿದ ಜಮೀನಿನಲ್ಲೂ ಅವರು ಬಹಳ ದಿನ ನಿಲ್ಲಲಿಲ್ಲ. 1887ರಲ್ಲಿ ಚಾರ್ಲ್ಸ್ ಪಟ್ಟಣದಲ್ಲಿ ಮನೆ ಕಟ್ಟಿಕೊಂಡ. 1902ರಲ್ಲಿ ತೀರಿಕೊಂಡ. ಕ್ಯಾರೋಲಿನ್ 1924ರ ತನಕ ಬದುಕಿದ್ದಳು. ಮೇರಿ ಮದುವೆಯಾಗಲಿಲ್ಲ. ಕ್ಯಾರಿಗೆ ಮಲಮಕ್ಕಳಿದ್ದರು, ಹೊಟ್ಟೆಯಲ್ಲಿ ಹುಟ್ಟಿದವರಿಲ್ಲ. ಗ್ರೇಸ್‌ಗೆ ಮಕ್ಕಳಾಗಲಿಲ್ಲ. ಲಾರಾಳ ಗಂಡುಮಗು 1889ರಲ್ಲಿ ಹೆಸರಿಡುವ ಮೊದಲೇ ಹೋಯಿತು, ಉಳಿದ ಮಗಳು ರೋಸ್ ವೈಲ್ಡರ್ ಲೇನ್ 1968ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಳು. ಚಾರ್ಲ್ಸ್ ಮತ್ತು ಕ್ಯಾರೋಲಿನ್ ದಂಪತಿಯ ಕುಡಿ ಅಲ್ಲಿಗೆ ಮುಗಿಯಿತು. ಲೋಕವೆಲ್ಲ ತಿಳಿದ ಈ ರೈತ ಕುಟುಂಬದ ನೇರ ವಂಶಸ್ಥ ಎಂದು ಹೇಳಿಕೊಳ್ಳಲು ಇವತ್ತು ಯಾರೂ ಇಲ್ಲ.

ಆದರೆ ಆ ಕೊಟ್ಟು ತಂದ ಮದುವೆಗಳಿದ್ದವಲ್ಲ? ಪೀಟರ್ ಮತ್ತು ಎಲೈಜಾರ ಮಕ್ಕಳಿಗೂ, ಹೆನ್ರಿ ಮತ್ತು ಪಾಲಿಯರ ಮಕ್ಕಳಿಗೂ ಅಪ್ಪನ ಕಡೆ ಅಮ್ಮನ ಕಡೆ ಎರಡೂ ಅಜ್ಜ ಅಜ್ಜಿಯರು ಲಾರಾಗೆ ಯಾರೋ ಅವರೇ. ಇಂಥವರ ನಡುವಿನ ರಕ್ತ ಸಾಮಾನ್ಯ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಿಗಿಂತ ಎರಡರಷ್ಟು ಹತ್ತಿರ. ಒಬ್ಬನೇ ತಂದೆಗೆ ಬೇರೆ ಬೇರೆ ತಾಯಂದಿರಲ್ಲಿ ಹುಟ್ಟಿದವರಷ್ಟು. ಮೊದಲ ಕಾದಂಬರಿಯ ಕ್ರಿಸ್‌ಮಸ್ ಅಧ್ಯಾಯದಲ್ಲಿ ಪೀಟರ್ ಮತ್ತು ಎಲೈಜಾ ತಮ್ಮ ಮಕ್ಕಳಾದ ಆಲಿಸ್, ಎಲ್ಲಾ, ಪುಟ್ಟ ಪೀಟರ್ ಇವರನ್ನು ಕರೆದುಕೊಂಡು ಹಿಮದಲ್ಲಿ ಗಾಡಿ ಕಟ್ಟಿ ಬರುತ್ತಾರೆ. ಲಾರಾಳ ಬಳಗವನ್ನು ಮುಂದಕ್ಕೆ ಹುಡುಕಬೇಕೆನ್ನುವವರು ಕೈಗೆತ್ತಿಕೊಳ್ಳಬೇಕಾದದ್ದು ಆ ಮನೆಗಳ ಕಾಗದಗಳನ್ನು: ಸೌತ್ ಟ್ರಾಯ್‌ನ ತೋಟದ್ದು, ಪೆಪಿನ್‌ನ ಹೆನ್ರಿಯ ಪಾಲಿನದು, ಅಲ್ಲಿಂದ ಅವರ ಮಕ್ಕಳು ಮೊಮ್ಮಕ್ಕಳು ಯಾವ ಯಾವ ಕೌಂಟಿಗೆ ಹೋದರೋ ಅಲ್ಲಿಯ ನೋಂದಣಿ ಪುಸ್ತಕಗಳನ್ನು.